ಸಿಗಡಿ ತರೋ ಮುಂಚೆ ನೀರು ಸಾಕಿ
ಪುಣೆಯ ಬಾಡಿಗೆ ಫ್ಲ್ಯಾಟ್‌ನಲ್ಲಿ ನಾಯಿ ಸಾಕೋಕೆ ಓನರ್ ಒಪ್ಪಲಿಲ್ಲ. ಸರಿ, 30 ಲೀಟರ್ ಟ್ಯಾಂಕ್ ತಂದೆ. ಶನಿವಾರ ಮರಳು, ಗಿಡ, ನೀರು. ಭಾನುವಾರ 10 ಚೆರ್ರಿ ಸಿಗಡಿ. ಮುಂದಿನ ಭಾನುವಾರಕ್ಕೆ ಒಂದೂ ಉಳಿದಿರಲಿಲ್ಲ.

ನೀರೇನೋ ತಿಳಿಯಾಗಿತ್ತು, ಆದ್ರೆ ಹೊಸದು. ಸಿಗಡಿಯ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ಮೊದಲೆರಡೂ ವಿಷ, ಮೂರನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾ ಸ್ಪಂಜ್ ಫಿಲ್ಟರ್‌ನಲ್ಲಿ, ಮರಳಿನಲ್ಲಿ ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟೆಸ್ಟ್ ಮಾಡದೆ ಕೋಡ್ ಬಿಟ್ರೆ ರೋಲ್‌ಬ್ಯಾಕ್ ಇದೆ. ಇಲ್ಲಿಲ್ಲ.

ಎರಡನೇ ಸಲ, ದಿನಾ ಚಿಟಿಕೆ ಮೀನಿನ ಆಹಾರ ಹಾಕ್ತಾ 6 ವಾರ ಖಾಲಿ ಟ್ಯಾಂಕ್ ನೋಡ್ಕೊಂಡು ಕೂತೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೇ ಸಿಗಡಿ ಬಿಟ್ಟಿದ್ದು.

ಇನ್ನು ಮೂರೇ ಮಾತು. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ. ತಾಮ್ರ ಇರೋ ಮೀನಿನ ಔಷಧಿ ಬೇಡವೇ ಬೇಡ. ಬಿಳಿ ಪೊರೆ ಕಂಡ್ರೆ ಸತ್ತಿದೆ ಅಂತ ಗಾಬರಿಯಾಗಬೇಡಿ. ಅಲ್ಲೇ ಬಿಡಿ, ಅವೇ ತಿಂದ್ಕೊಳ್ತವೆ.

ಮರಿಗಳಿಗೆ ಬೇರೆ ಟ್ಯಾಂಕ್ ಬೇಡ. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ಕೊಂಡು ಸುಮಾರು 4 ವಾರ ಗಾಳಿ ಬೀಸ್ತಾ ಇರುತ್ತೆ. ಹೊರಬರೋ ಮರಿಗಳು ದೊಡ್ಡವುಗಳ ಪಡಿಯಚ್ಚು, ಬರೀ 2 ಮಿ.ಮೀ. ಅಡಗೋಕೆ, ಮೇಯೋಕೆ ಜಾವಾ ಮಾಸ್ ಇರಲಿ. ಮೀನು ಬೇಡ, ಮರಿಗಳನ್ನು ನುಂಗಿಬಿಡ್ತವೆ.

ಒಂದು ರಾತ್ರಿ ಲಾಗ್‌ಔಟ್ ಮಾಡಿ ನೋಡಿದ್ರೆ, ಮಾಸ್ ಮೇಲೆ ಏಳು ಚುಕ್ಕೆ ಓಡಾಡ್ತಿದ್ವು. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

ಮುಂದಿನ ಮಾತುಕತೆಯಲ್ಲಿ ಟ್ಯಾಂಕರ್ ನೀರಿನ ಗಡಸುತನ ನೋಡೋಣ.