ನಿಮಗಿದು ಗೊತ್ತೇ? ಅಂಚೆ ಮತ ಎಣಿಕೆಗೆ ಸೇರುವುದು ಹೇಗೆ?

ಮತ ಎಣಿಕೆಯ ದಿನ ಬೆಳಗ್ಗೆ 8 ಗಂಟೆಗೆ ಮೊಟ್ಟಮೊದಲು ಕೈಗೆತ್ತಿಕೊಳ್ಳುವುದು ಅಂಚೆ ಮತಪತ್ರಗಳನ್ನು. ಮತಯಂತ್ರಗಳ ಸರದಿ ಅರ್ಧ ಗಂಟೆ ಕಳೆದ ಮೇಲೆ. ಎಣಿಕೆ ಶುರುವಾಗುವಷ್ಟರಲ್ಲಿ ಚುನಾವಣಾಧಿಕಾರಿಯ ಕೈಸೇರದ ಲಕೋಟೆಯನ್ನು ಒಡೆಯುವುದೇ ಇಲ್ಲ.

ಅಂಚೆ ಮತಕ್ಕೆ ಎರಡು ಲಕೋಟೆ. ಒಳಗಿನ 13ಬಿಯಲ್ಲಿ ಮತಪತ್ರ ಮಾತ್ರ ಇರಬೇಕು. 13ಎ ಎಂಬ ಘೋಷಣಾ ಪತ್ರ ಹೊರಗಿನ 13ಸಿ ಲಕೋಟೆಯಲ್ಲಿರಬೇಕು. ಮತದಾರರ ಸಹಿ ಇದೆಯೇ, ಅಧಿಕಾರಿಯ ದೃಢೀಕರಣ ಇದೆಯೇ, ಘೋಷಣೆಯಲ್ಲಿ ಬರೆದ ಕ್ರಮಸಂಖ್ಯೆಯೂ ಒಳಲಕೋಟೆಯ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡುತ್ತಾರೆ. ಇದರಲ್ಲಿ ಒಂದು ತಪ್ಪಿದರೂ ಒಳಲಕೋಟೆ ತೆರೆಯದೆಯೇ ಮತ ತಿರಸ್ಕೃತ. ಎಲ್ಲ ಸರಿಯಿದ್ದರೆ, ಘೋಷಣಾ ಪತ್ರಗಳನ್ನೆಲ್ಲ ಬೇರೆ ಕಟ್ಟಿ ಮೊಹರು ಹಾಕಿದ ನಂತರವೇ ಒಳಲಕೋಟೆಗಳನ್ನು ಒಡೆಯಬೇಕು. ಯಾರ ಮತ ಯಾರಿಗೆ ಬಿತ್ತೆಂದು ತಿಳಿಯಬಾರದೆಂದೇ ಈ ಕ್ರಮ. ನನ್ನ ಮಟ್ಟಿಗೆ ಇಡೀ ನಿಯಮಾವಳಿಯಲ್ಲೇ ಅತ್ಯಂತ ಜಾಣತನದ ಸಾಲು ಇದು.

ಮತಪತ್ರದ ಮೇಲೆ ಇಂಥದ್ದೇ ಗುರುತು ಹಾಕಬೇಕೆಂಬ ಕಟ್ಟಳೆಯಿಲ್ಲ. ಟಿಕ್ ಆದರೂ ಸರಿ, ಅಡ್ಡಗೆರೆಯಾದರೂ ಸರಿ, ಯಾರಿಗೆಂಬುದು ಸ್ಪಷ್ಟವಿದ್ದರೆ ಸಾಕು. ಹೆಸರನ್ನೋ ಸಹಿಯನ್ನೋ ಹಾಕಿದರೆ ಮಾತ್ರ ಮತ ಹೋಯಿತು.

ಗಡಿಯಲ್ಲಿರುವ ಯೋಧರಿಗೆ 2016ರಿಂದ ಮತಪತ್ರ ಇಂಟರ್ನೆಟ್ ಮೂಲಕ ಹೋಗುತ್ತದೆ. ಮರಳಿ ಬರುವುದು ಮಾತ್ರ ಅಂಚೆಯಲ್ಲೇ. ಬೇಕೆಂದರೆ ಯೋಧರು ತಮ್ಮ ಪರವಾಗಿ ಊರಿನಲ್ಲಿ ಇನ್ನೊಬ್ಬರನ್ನು ನೇಮಿಸಿ ಮತ ಹಾಕಿಸಬಹುದು. ಆಗ ಶಾಯಿ ಬೀಳುವುದು ಆ ಪ್ರತಿನಿಧಿಯ ಎಡಗೈಯ ತೋರುಬೆರಳಿಗಲ್ಲ, ನಡುಬೆರಳಿಗೆ! ತೋರುಬೆರಳು ಅವರ ಸ್ವಂತ ಮತಕ್ಕೆ ಮೀಸಲು.

ಇಷ್ಟು ಕಾಗದಕ್ಕೆ ಇಷ್ಟೆಲ್ಲ ಕಾಳಜಿ ಏಕೆ? 2020ರಲ್ಲಿ ಬಿಹಾರದ ಹಿಲ್ಸಾದ ಫಲಿತಾಂಶ ನಿಂತದ್ದು 12 ಮತಗಳ ಮೇಲೆ. 2023ರಲ್ಲಿ ನಮ್ಮ ಬೆಂಗಳೂರಿನ ಜಯನಗರದಲ್ಲಿ ಅಂತರ ಬರೀ 16. ಅಲ್ಲಿ ರಾತ್ರಿಯವರೆಗೂ ಜಗ್ಗಾಟ ನಡೆದದ್ದು ತಿರಸ್ಕೃತ ಅಂಚೆ ಮತಗಳ ಸುತ್ತಲೇ. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳೇ ಹೆಚ್ಚಿದ್ದರೆ, ಫಲಿತಾಂಶ ಘೋಷಿಸುವ ಮುನ್ನ ಅವೆಲ್ಲವನ್ನೂ ಮತ್ತೆ ಪರಿಶೀಲಿಸಬೇಕು, ಅದನ್ನು ವಿಡಿಯೋ ಚಿತ್ರೀಕರಿಸಬೇಕು. ಇದು ಚುನಾವಣಾ ಆಯೋಗದ ಆದೇಶ. ಅಭ್ಯರ್ಥಿಗಳ ಏಜೆಂಟರು ಇದನ್ನು ಬಾಯಿಪಾಠ ಮಾಡಿಕೊಂಡೇ ಎಣಿಕೆ ಕೇಂದ್ರಕ್ಕೆ ಹೋಗಬೇಕು.

2025ರ ಸೆಪ್ಟೆಂಬರ್‌ನಲ್ಲಿ ಆಯೋಗ ಇನ್ನೊಂದು ಹೆಜ್ಜೆ ಇಟ್ಟಿತು. ಅಂಚೆ ಮತಗಳ ಎಣಿಕೆ ಮುಗಿಯದೆ ಮತಯಂತ್ರಗಳ ಕೊನೆಯ ಎರಡು ಸುತ್ತುಗಳನ್ನು ಆರಂಭಿಸುವಂತಿಲ್ಲ.

ದುಬೈನಲ್ಲೋ ಅಮೆರಿಕದಲ್ಲೋ ನೆಲೆಸಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಕನ್ನಡಿಗರು 2011ರಿಂದ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಅವರಿಗೆ ಅಂಚೆ ಮತವಿಲ್ಲ, ವಿಮಾನ ಹತ್ತಿ ಬಂದು ಮತಗಟ್ಟೆಯಲ್ಲೇ ಹಾಕಬೇಕು. ಈ ಕೊರತೆ ಬೇಗ ನೀಗಬೇಕು.

ಮನೆಯಲ್ಲಿ 85 ದಾಟಿದ ಹಿರಿಯರೋ, ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರೋ ಇದ್ದಾರೆಯೇ? ಅಧಿಸೂಚನೆ ಹೊರಬಿದ್ದ 5 ದಿನಗಳೊಳಗೆ 12ಡಿ ಅರ್ಜಿ ಕೊಟ್ಟರೆ ಸಿಬ್ಬಂದಿಯೇ ಮನೆಬಾಗಿಲಿಗೆ ಬಂದು ಮತ ಪಡೆಯುತ್ತಾರೆ. ಅರ್ಜಿ ಮಂಜೂರಾದರೆ ಮತಗಟ್ಟೆಗೆ ಹೋಗಿ ಮತ ಹಾಕಲು ಬರುವುದಿಲ್ಲ. ಆದ್ದರಿಂದ ಸಿಬ್ಬಂದಿ ತಿಳಿಸಿದ ದಿನ ಅವರು ಮನೆಯಲ್ಲೇ ಇರುವಂತೆ ನೋಡಿಕೊಳ್ಳಿ.