ವಿಮಾನ, ಮೆಟ್ರೊದಲ್ಲಿ ಫಿಲ್ಮ್ ರೋಲ್ ಒಯ್ಯುತ್ತಿದ್ದೀರಾ? ಸ್ಕ್ಯಾನರ್, ಸೆಕೆ, ತೇವದಿಂದ ಕಾಪಾಡುವುದು ಹೇಗೆ?

ಮೊಬೈಲ್‌ನಲ್ಲಿ ತೆಗೆದ ಫೋಟೊ ಡಿಲೀಟ್ ಆದರೆ ಕ್ಲೌಡ್‌ನಲ್ಲಿ ಹುಡುಕಬಹುದು. ಫಿಲ್ಮ್ ರೋಲ್‌ಗೆ ಆ ಅನುಕೂಲವಿಲ್ಲ. ಡೆವಲಪ್ ಆಗುವವರೆಗೆ ಅದರಲ್ಲಿರುವ 36 ಚಿತ್ರಗಳಿಗೆ ಬೇರೆ ಪ್ರತಿಯೇ ಇರುವುದಿಲ್ಲ. ಊರಿನ ಜಾತ್ರೆ, ತಂಗಿಯ ಮದುವೆ, ಅಜ್ಜಿಯ ಜೊತೆ ಕಳೆದ ಕೊನೆಯ ದೀಪಾವಳಿ, ಏನಿದ್ದರೂ ಆ ಪುಟ್ಟ ಡಬ್ಬಿಯೊಳಗೇ.

ಹಳೆಯ ಕ್ಯಾಮೆರಾಗಳನ್ನು ಕಪಾಟಿನಿಂದ ಹೊರತೆಗೆದು ಮತ್ತೆ ಫಿಲ್ಮ್ ಹಾಕುತ್ತಿರುವ ಯುವಕ, ಯುವತಿಯರು ಈಗ ಮುಂಬೈ, ಪುಣೆ, ಚೆನ್ನೈ, ದೆಹಲಿ ಎಲ್ಲೆಡೆ ಸಿಗುತ್ತಾರೆ. ಕಲರ್ ರೋಲ್ ಒಂದಕ್ಕೆ ಸಾವಿರ ರೂಪಾಯಿಯ ಆಸುಪಾಸು, ಕೆಲವಕ್ಕೆ ಇನ್ನೂ ಹೆಚ್ಚು. ಡೆವಲಪಿಂಗ್ ಮತ್ತು ಸ್ಕ್ಯಾನಿಂಗ್ ಖರ್ಚು ಬೇರೆ. ಇಷ್ಟು ದುಡ್ಡು ಹಾಕಿದ ಮೇಲೂ ಅನೇಕ ರೋಲ್‌ಗಳು ಹಾಳಾಗುವುದು ಕ್ಯಾಮೆರಾದಲ್ಲಲ್ಲ, ಬ್ಯಾಗಿನಲ್ಲಿ.

ಫಿಲ್ಮ್ ಹಾಳಾಗುವುದು ಯಾಕೆ?

ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು. ಫಿಲ್ಮ್ ಎಂದರೆ ಮುಖ್ಯವಾಗಿ ಇಷ್ಟೇ. ಬೆಳಕು ಬಿದ್ದ ಹರಳುಗಳಲ್ಲಿ ಕಣ್ಣಿಗೆ ಕಾಣದ ಬದಲಾವಣೆ ಆಗುತ್ತದೆ. ಲ್ಯಾಬ್‌ನ ರಾಸಾಯನಿಕ ಅದನ್ನು ಚಿತ್ರವಾಗಿಸುತ್ತದೆ. ಸಮಸ್ಯೆ ಏನೆಂದರೆ ಎಕ್ಸ್‌ರೇ, ಬಿಸಿ, ಕೆಲವು ಅನಿಲಗಳು ಕೂಡ ಈ ಹರಳುಗಳನ್ನು ಕೆಣಕಬಲ್ಲವು. ಹಾಗಾದಾಗ ನೆಗೆಟಿವ್ ಮೇಲೆ ಮಬ್ಬು ಪರದೆ ಬೀಳುತ್ತದೆ. ಛಾಯಾಗ್ರಾಹಕರು ಇದನ್ನು ‘ಫಾಗ್’ ಎನ್ನುತ್ತಾರೆ. ಐಎಸ್‌ಒ ಸಂಖ್ಯೆ ಹೆಚ್ಚಾದಷ್ಟೂ ಫಿಲ್ಮ್ ಸೂಕ್ಷ್ಮ, ಹಾನಿಯ ಭಯವೂ ಅಷ್ಟೇ ಹೆಚ್ಚು.

ವಿಮಾನ ನಿಲ್ದಾಣದಲ್ಲಿ ಏನು ಮಾಡಬೇಕು?

ಮೊದಲ ನಿಯಮಕ್ಕೆ ವಿನಾಯಿತಿಯೇ ಇಲ್ಲ: ಡೆವಲಪ್ ಆಗದ ಫಿಲ್ಮನ್ನು ಚೆಕ್-ಇನ್ ಲಗೇಜ್‌ನಲ್ಲಿ ಹಾಕಬೇಡಿ. ಆ ಸೂಟ್‌ಕೇಸ್‌ಗಳು ಹಾದುಹೋಗುವ ಯಂತ್ರಗಳ ಎಕ್ಸ್‌ರೇ ಬಹಳ ಪ್ರಬಲ. ಒಂದೇ ಸಲಕ್ಕೆ ಇಡೀ ರೋಲ್ ಕೆಡಬಹುದು.

ಕೈಯಲ್ಲಿ ಒಯ್ಯುವ ಬ್ಯಾಗಿನ ವಿಷಯ ಸ್ವಲ್ಪ ಗೋಜಲು. ಹಳೆಯ ಮಾದರಿಯ ಎಕ್ಸ್‌ರೇ ಯಂತ್ರದಲ್ಲಿ ಐಎಸ್‌ಒ 100, 200, 400ರ ರೋಲ್‌ಗಳು ಒಂದೆರಡು ಬಾರಿ ಹೋದರೆ ಕಣ್ಣಿಗೆ ಕಾಣುವ ಹಾನಿ ಸಾಮಾನ್ಯವಾಗಿ ಆಗದು. ಐಎಸ್‌ಒ 800 ಮತ್ತು ಅದಕ್ಕಿಂತ ಮೇಲಿನವುಗಳಿಗೆ ಅದೂ ಬೇಡ. 400ರ ಫಿಲ್ಮನ್ನು 1600ಕ್ಕೆ ‘ಪುಶ್’ ಮಾಡಿ ತೆಗೆದಿದ್ದರೆ ಅದನ್ನೂ ಇದೇ ಗುಂಪಿಗೆ ಸೇರಿಸಿ.

ಆದರೆ ಈಗ ಬರುತ್ತಿರುವ ಸಿಟಿ ಸ್ಕ್ಯಾನರ್‌ಗಳೇ ಬೇರೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಂತೆ ಇವು ಬ್ಯಾಗನ್ನು ಹಲವು ಕೋನಗಳಿಂದ ಸುತ್ತುವರಿದು ಮೂರು ಆಯಾಮದ ಚಿತ್ರ ಕೊಡುತ್ತವೆ. ಪ್ರಯಾಣಿಕರಿಗೆ ಇದು ಸುಖ, ಲ್ಯಾಪ್‌ಟಾಪ್ ಹೊರತೆಗೆಯುವ ತಾಪತ್ರಯ ತಪ್ಪುತ್ತದೆ. ಫಿಲ್ಮ್‌ಗೆ ಮಾತ್ರ ಕಂಟಕ. ಐಎಸ್‌ಒ ಎಷ್ಟೇ ಇರಲಿ, ಒಂದು ಸಲ ಹೋದರೂ ಅಪಾಯ ಎಂದು ಕೊಡಕ್ ಫಿಲ್ಮ್ ಮಾರುವ ಕಂಪನಿಯೇ ಎಚ್ಚರಿಸಿದೆ. ಲಂಡನ್‌ನ ಹೀಥ್ರೂ, ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್, ಅಮೆರಿಕದ ಅನೇಕ ನಿಲ್ದಾಣಗಳಲ್ಲಿ ಇವು ಬಂದಾಗಿದೆ. ನಮ್ಮ ದೊಡ್ಡ ನಿಲ್ದಾಣಗಳೂ ಇದೇ ದಾರಿಯಲ್ಲಿವೆ. ಒಂದು ಸುಳಿವು: ಲ್ಯಾಪ್‌ಟಾಪ್ ಒಳಗೇ ಇರಲಿ ಎಂದು ಸಿಬ್ಬಂದಿ ಹೇಳಿದರೆ ಅಲ್ಲಿರುವುದು ಸಿಟಿ ಯಂತ್ರ ಎಂದುಕೊಳ್ಳುವುದೇ ಕ್ಷೇಮ.

ಹಾಗಾದರೆ ಉಪಾಯ? ಕೈಯಿಂದ ತಪಾಸಣೆ ಮಾಡಿ ಎಂದು ಕೇಳುವುದು. ರೋಲ್‌ಗಳನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ಪಾರದರ್ಶಕ ಜಿಪ್ ಚೀಲಕ್ಕೆ ಹಾಕಿ, ಬ್ಯಾಗಿನ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ. ಸಾಲಿನಲ್ಲಿ ನಿಮ್ಮ ಸರದಿ ಬರುವ ಮೊದಲೇ ಚೀಲವನ್ನು ಕೈಯಲ್ಲಿ ಹಿಡಿದು, ಇದು ಕ್ಯಾಮೆರಾ ಫಿಲ್ಮ್, ಎಕ್ಸ್‌ರೇಯಿಂದ ಹಾಳಾಗುತ್ತದೆ ಎಂದು ಶಾಂತವಾಗಿ ಹೇಳಿ. ಬ್ಯಾಗ್ ಬೆಲ್ಟ್ ಮೇಲೆ ಹೋದ ನಂತರ ಕೇಳಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಈ ಸೌಲಭ್ಯ ಕೇಳಬಹುದೆಂದು ಅಲ್ಲಿನ ಭದ್ರತಾ ಸಂಸ್ಥೆಯೇ ಹೇಳುತ್ತದೆ. ನಮ್ಮಲ್ಲಿ ಅದು ಕೌಂಟರ್‌ನಲ್ಲಿರುವ ಅಧಿಕಾರಿಯ ವಿವೇಚನೆ. ಸಿಬ್ಬಂದಿಯಲ್ಲಿ ಹಲವರು ಫಿಲ್ಮ್ ರೋಲ್ ಕಂಡಿರದ ವಯಸ್ಸಿನವರು ಎಂಬುದು ನೆನಪಿರಲಿ. ಜನಜಂಗುಳಿಯ ಹೊತ್ತಿನಲ್ಲಿ ವಾದಕ್ಕಿಳಿದರೆ ಕೆಲಸ ಕೆಡುತ್ತದೆ, ಅರ್ಧ ಗಂಟೆ ಮುಂಚೆ ಹೋದರೆ ಆಗುತ್ತದೆ.

ಕ್ಯಾಮೆರಾದಲ್ಲಿರುವ ರೋಲನ್ನು ಪ್ರಯಾಣಕ್ಕೆ ಮೊದಲೇ ಮುಗಿಸಿ ತೆಗೆಯಿರಿ. ಒಳಗೆ ಅರ್ಧ ರೋಲ್ ಇದ್ದರೆ ಮುಚ್ಚಳ ತೆರೆದು ತೋರಿಸಲೂ ಆಗದು, ಸ್ಕ್ಯಾನರ್‌ಗೆ ಹಾಕಲೂ ಆಗದು. ಇನ್ನು ಸೀಸದ ಪದರವಿರುವ ಚೀಲಗಳನ್ನು ನಂಬಿ ಕೂರಬೇಡಿ. ಪರದೆಯಲ್ಲಿ ಅದು ಕಪ್ಪು ಗಡ್ಡೆಯಂತೆ ಕಾಣುತ್ತದೆ, ಬ್ಯಾಗ್ ತೆರೆಸುವುದೋ ಮತ್ತೆ ಸ್ಕ್ಯಾನ್ ಮಾಡಿಸುವುದೋ ಗ್ಯಾರಂಟಿ.

ಮೆಟ್ರೊ, ಮಾಲ್ ಲೆಕ್ಕಕ್ಕಿಲ್ಲವೇ?

ವಿದೇಶಿ ಸಲಹೆಗಳಲ್ಲಿ ಈ ವಿಷಯ ಅಷ್ಟಾಗಿ ಸಿಗುವುದಿಲ್ಲ. ದೆಹಲಿ ಮೆಟ್ರೊ ಹತ್ತುವವರ ಬ್ಯಾಗ್ ಪ್ರತಿ ಬಾರಿಯೂ ಎಕ್ಸ್‌ರೇ ಯಂತ್ರದೊಳಗೆ ಹೋಗಬೇಕು. ಬೆಂಗಳೂರು, ಮುಂಬೈ, ಹೈದರಾಬಾದ್‌ ಮೆಟ್ರೊಗಳಲ್ಲೂ ಯಂತ್ರಗಳಿವೆ. ಕೆಲವು ಮಾಲ್, ಹೋಟೆಲ್‌ಗಳಲ್ಲೂ ಉಂಟು. ಒಂದೊಂದು ಬಾರಿ ಬೀಳುವ ಪ್ರಮಾಣ ಸಣ್ಣದು, ಆದರೆ ಎಕ್ಸ್‌ರೇ ಪರಿಣಾಮ ಫಿಲ್ಮ್ ಮೇಲೆ ಸೇರುತ್ತಲೇ ಹೋಗುತ್ತದೆ, ಅಳಿಯುವುದಿಲ್ಲ. ಕ್ಯಾಮೆರಾ ಬ್ಯಾಗಿನೊಂದಿಗೆ ಆಫೀಸಿಗೆ ಹೋಗಿ ಬರುವವರು ಒಂದು ರೋಲ್ ಮುಗಿಸಲು ಮೂರು ವಾರ ತೆಗೆದುಕೊಂಡರೆ, ವಾರಕ್ಕೆ ಐದು ದಿನದಂತೆ ಅದು 30 ಬಾರಿ ಯಂತ್ರ ಹೊಕ್ಕಿರುತ್ತದೆ. ಐದಾರು ಬಾರಿಗಿಂತ ಹೆಚ್ಚು ಬೇಡ ಎಂಬುದು ಛಾಯಾಗ್ರಾಹಕರಲ್ಲಿ ಹಳೆಯ ಮಾತು. ಸಾಧ್ಯವಾದರೆ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ರೋಲ್‌ಗಳನ್ನು ಕೈಯಲ್ಲಿ ತೋರಿಸಿ. ಇಲ್ಲವೇ ಅಂದು ಬಸ್ ಹಿಡಿಯಿರಿ.

ಬೇರೆ ಊರಿನ ಲ್ಯಾಬ್‌ಗೆ ಕೊರಿಯರ್ ಮಾಡುವವರೂ ಗಮನಿಸಬೇಕು. ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗಳು ಎಕ್ಸ್‌ರೇಗೆ ಒಳಗಾಗುತ್ತವೆ. ಎರಡು ದಿನ ತಡವಾದರೂ ರಸ್ತೆ ಮಾರ್ಗದ ಸೇವೆ ಕೇಳಿ.

ಫ್ರಿಜ್‌ನಲ್ಲಿ ಇಡಬಹುದೇ?

ಖಂಡಿತ. ಕೆಲವೇ ವಾರಗಳಲ್ಲಿ ಬಳಸುವುದಾದರೆ ಮನೆಯ ತಂಪು ಮೂಲೆ ಸಾಕು. ತಿಂಗಳುಗಟ್ಟಲೆ ಇಡುವುದಾದರೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು, ಅಂದರೆ ಫ್ರಿಜ್. ವರ್ಷಗಳಿಗಾದರೆ ಮೈನಸ್ 18 ಡಿಗ್ರಿಯ ಫ್ರೀಜರ್. ಬಣ್ಣದ ಫಿಲ್ಮ್‌ನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಬೇರೆ ಬೇರೆ ಪದರಗಳಿದ್ದು, ಸೆಕೆಯಲ್ಲಿ ಅವು ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ಹಳೆಯ ರೋಲ್‌ನ ಚಿತ್ರಗಳಿಗೆ ವಿಚಿತ್ರ ಬಣ್ಣದ ಛಾಯೆ ಬರುವುದು ಇದರಿಂದಲೇ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಂತೂ ಫಿಲ್ಮ್‌ಗೆ ಬಾಣಲೆ.

ಫ್ರಿಜ್‌ನಿಂದ ತೆಗೆದ ಕೂಡಲೇ ಡಬ್ಬಿ ತೆರೆಯಬಾರದು. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಫಿಲ್ಮ್ ಕೂಡ ಬೆವರುತ್ತದೆ, ಜೆಲಟಿನ್ ಅಂಟಿಕೊಳ್ಳುತ್ತದೆ. ಫ್ರಿಜ್‌ನಿಂದಾದರೆ ಕನಿಷ್ಠ ಒಂದು ಗಂಟೆ, ಫ್ರೀಜರ್‌ನಿಂದಾದರೆ ಒಂದೂವರೆ ಗಂಟೆ ಮುಚ್ಚಿದ ಹಾಗೇ ಬಿಡಿ. ಮುಂಬೈ, ಚೆನ್ನೈ, ಮಂಗಳೂರಿನ ಮಳೆಗಾಲದಲ್ಲಿ ಇನ್ನೊಂದು ಗಂಟೆ ಸೇರಿಸಿದರೆ ನಷ್ಟವಿಲ್ಲ. 120 ರೋಲ್‌ನ ಹೊದಿಕೆಯನ್ನು ಬಳಸುವ ಮೊದಲು ಹರಿಯಲೇಬೇಡಿ, ಅದೇ ಅದರ ರಕ್ಷಾಕವಚ. ಇನ್‌ಸ್ಟಂಟ್ ಫಿಲ್ಮ್ ಮಾತ್ರ ಫ್ರೀಜರ್‌ಗೆ ಬೇಡ, ಒಳಗಿನ ರಾಸಾಯನಿಕ ಹೆಪ್ಪುಗಟ್ಟಿದರೆ ಪ್ಯಾಕ್ ವ್ಯರ್ಥ.

ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುವವರಿದ್ದಾರೆ. ನುಸಿಗುಳಿಗೆಯ ಆವಿ ಫಿಲ್ಮ್‌ಗೆ ಒಳ್ಳೆಯದಲ್ಲ. ಹೊಸ ಪ್ಲೈವುಡ್, ಪೇಂಟ್ ವಾಸನೆಯೂ ಹಾಗೆಯೇ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ತೆಗೆದಾದ ಮೇಲೆ?

ಚಿತ್ರ ಬಿದ್ದ ಫಿಲ್ಮ್ ಹೊಸ ರೋಲ್‌ಗಿಂತ ನಾಜೂಕು. ಬೇಗ ಲ್ಯಾಬ್‌ಗೆ ಕೊಡಿ. ಡೆವಲಪ್ ಆದ ನೆಗೆಟಿವ್‌ಗೆ ಸ್ಕ್ಯಾನರ್ ಭಯವಿಲ್ಲ, ತೇವದ ಭಯವಿದೆ: ಜೆಲಟಿನ್ ಎಂದರೆ ಬೂಷ್ಟಿಗೆ ಊಟ. ಪಿವಿಸಿ ಹಾಳೆಗಳ ಬದಲು ಪಾಲಿಪ್ರೊಪಿಲೀನ್ ತೋಳುಗಳಲ್ಲಿ ಇಡಿ.

ನಮ್ಮ ದೇಶದ ಫಿಲ್ಮ್ ಕಾರ್ಖಾನೆ, ‘ಇಂದು’ ಹೆಸರಿನ ರೋಲ್ ಮಾಡುತ್ತಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇದ್ದದ್ದು ತಂಪಾದ ಊಟಿಯಲ್ಲಿ. ಆ ಕಾರ್ಖಾನೆ ಮುಚ್ಚಿದೆ. ಊರ ಮನೆಯ ಟ್ರಂಕ್‌ನಲ್ಲಿ ಅಂಥ ಹಳೆಯ ರೋಲ್ ಸಿಕ್ಕರೆ, ಯಾವ ಕಂಪನಿಯದ್ದೇ ಇರಲಿ, ಪಟ್ಟಿ ಎಳೆದು ನೋಡಬೇಡಿ. ಅದರ ವಯಸ್ಸು ಹೇಳಿ ಲ್ಯಾಬ್‌ಗೆ ಕೊಡಿ. ಬಣ್ಣದ ರೋಲ್ ಆಗಿದ್ದರೂ ಕಪ್ಪು ಬಿಳುಪಿನ ವಿಧಾನದಲ್ಲಿ ಡೆವಲಪ್ ಮಾಡಿದರೆ ಕೆಲವೊಮ್ಮೆ ಮಸುಕಾಗಿಯಾದರೂ ಮುಖಗಳು ಸಿಗುತ್ತವೆ.