ಅರ್ಧ ಮಿಲಿಗ್ರಾಂ ಗೌರಿ ಹೂ

ಗೌರಿ ಹಬ್ಬದ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಕುರುಚಲು ಗುಡ್ಡಗಳಲ್ಲಿ, ಹೊಲದ ಬೇಲಿಗಳಲ್ಲಿ ಗೌರಿ ಹೂ ಕಾಣಿಸಿಕೊಳ್ಳುತ್ತದೆ. ಆರು ಎಸಳು, ಆರು ಕೇಸರ. ಎಸಳುಗಳ ಅಂಚು ಸುಕ್ಕುಸುಕ್ಕು, ಎಲ್ಲವೂ ಹಿಂದಕ್ಕೆ ಮಡಚಿ ಮೇಲೆದ್ದಿರುತ್ತವೆ. ಹಸಿರಾಗಿ ಬಿಚ್ಚಿ, ಹಳದಿಗೆ ತಿರುಗಿ, ಕೆಲವೇ ದಿನಕ್ಕೆ ಕೆಂಪೇರುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಮುಳ್ಳುಗಿಡವನ್ನು ಹಿಡಿದುಕೊಳ್ಳುತ್ತದೆ.

ಇದರ ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ರಾಸಾಯನಿಕ ಇದೆ. ಕೀಲುಗಳಲ್ಲಿ ಯೂರಿಕ್ ಆಮ್ಲ ಕೂತು ಜೀವ ಹಿಂಡುವ ಗೌಟ್ ನೋವಿಗೆ ವೈದ್ಯರು ಬರೆಯುವ ಮಾತ್ರೆಯಲ್ಲಿ ಅದು ಅರ್ಧ ಮಿಲಿಗ್ರಾಂ. ಅಂದರೆ ಒಂದು ಗ್ರಾಂಗೆ 2,000 ಮಾತ್ರೆ. ಆ ಒಂದು ಮಾತ್ರೆಯೊಳಗಿನ ಅಣುಗಳು ಸುಮಾರು 7,500 ಕೋಟಿ ಕೋಟಿ! ಮನುಷ್ಯನ ಮೈಯಲ್ಲಿರುವ ಜೀವಕೋಶಗಳು ಅಂದಾಜು 37 ಲಕ್ಷ ಕೋಟಿ. ಹಂಚಿದರೆ ಕೋಶವೊಂದಕ್ಕೆ 20,000 ಅಣು ಬಂತು. 60 ಕಿಲೋ ತೂಕದವರಿಗೆ 50 ಮಿಲಿಗ್ರಾಂ, ಎಂದರೆ ಎರಡು ಜೋಳದ ಕಾಳಿನಷ್ಟು, ಮಾರಕ. ಅದಕ್ಕೂ ಎಷ್ಟೋ ಕಡಿಮೆಗೆ ಸತ್ತವರಿದ್ದಾರೆ. ಗಡ್ಡೆಯನ್ನೇ ಗೆಣಸೆಂದು ಬೇಯಿಸಿ ತಿಂದು ಆಸ್ಪತ್ರೆ ಸೇರಿದವರೂ ಉಂಟು.

ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳನ್ನೇ ಈ ಅಣು ತಡೆಯುತ್ತದೆ, ಇಮ್ಮಡಿಯಾದ ವರ್ಣತಂತುಗಳು ಒಂದೇ ಕೋಶದಲ್ಲಿ ಉಳಿಯುತ್ತವೆ. 1937ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಬಳಸಿ ಗಿಡದ ವರ್ಣತಂತುಗಳನ್ನು ಇಮ್ಮಡಿಸಿ ತೋರಿಸಿದರು. ಕಲ್ಲಂಗಡಿಯ 22 ವರ್ಣತಂತು 44 ಆಯಿತು. ಆ ಎರಡೂ ಬಗೆಯ ಗಿಡಗಳನ್ನು ಅಡ್ಡತಳಿ ಮಾಡಿದರೆ ಎರಡರ ಅರ್ಧರ್ಧ ಸೇರಿ 33, ಬೀಜವೇ ಇಲ್ಲದ ಹಣ್ಣು. ಅಮೆರಿಕವಂತೂ 2023ರಲ್ಲಿ ಅದೇ ಅರ್ಧ ಮಿಲಿಗ್ರಾಂ ಅನ್ನು ಹೃದಯಾಘಾತ ತಡೆಯಲು ಒಪ್ಪಿತು.

ಗೌರಿ ಹೂವಿನ ಬಂಡವಾಳ ನೇಗಿಲಿನಂತೆ ಕವಲೊಡೆದ ಗಡ್ಡೆ. ಕವಲಿನ ತುದಿಗೊಂದೇ ಮೊಳಕೆ. ತುದಿ ಮುರಿದರೆ ಆ ಕವಲು ಮತ್ತೆ ಚಿಗುರದು. ವರ್ಷಕ್ಕೊಮ್ಮೆ ಹಳೆ ಗಡ್ಡೆ ಸತ್ತು ಹೊಸದು ಕೂಡುತ್ತದೆ, ಹಾಗಾಗಿ ಅಗೆದು ಒಯ್ದರೆ ಗಿಡವೇ ಹೋದಂತೆ. ಬೀಜದಿಂದ ಎದ್ದ ಗಿಡ ಹೂ ಬಿಡಲು ಮೂರು-ನಾಲ್ಕು ಮಳೆಗಾಲ ಬೇಕು. ತಮಿಳುನಾಡಿನ ರೈತರು ಬೀಜಕ್ಕಾಗಿ ಇದನ್ನು ಚಪ್ಪರ ಹಾಕಿ ಬೆಳೆಯುತ್ತಾರೆ. ನಾಟಿಯ ಗಡ್ಡೆ ಬಹುಪಾಲು ಬಂದದ್ದು ಕಾಡಿನಿಂದ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ ಸುಮಾರು 38 ಚದರ ಕಿಲೋಮೀಟರಿನಿಂದ 167ರ ಆಸುಪಾಸಿಗೆ ಹಿಗ್ಗಿದೆ. ಕರಡಿಯ ಹೆಸರಲ್ಲಿ ಕುರುಚಲು ಉಳಿದರೆ ಅದರೊಳಗಿನ ಬಳ್ಳಿಗೂ ನೆಲೆ. (ಈ ಗಡ್ಡೆಗೆ ಕರಡಿಕಣ್ಣಿನ ಗಡ್ಡೆ ಎಂಬ ಹೆಸರೂ ಇದೆ.) ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲದ ಬೇಲಿಗೆ ಅಂಥ ಕಾವಲಿಲ್ಲ. ಬದು ಸರಿಮಾಡಲು ಬಂದ ಜೆಸಿಬಿ ಬೇಲಿಯ ಜೊತೆ ಗಡ್ಡೆಯನ್ನೂ ಎತ್ತಿ ಹಾಕುತ್ತದೆ, ಅದೂ ಹೆಚ್ಚಾಗಿ ಬೇಸಿಗೆಯಲ್ಲಿ, ನೆಲದ ಮೇಲೆ ಬಳ್ಳಿಯ ಗುರುತೇ ಇಲ್ಲದಾಗ.